ಆಟ ನಿಂತಲ್ಲಿ ಒಂದು ಕಾರ್ಡು

"ಚಿಕ್ಕಮ್ಮ, ನಾನು ಬಿದ್ದಿದ್ದೇನಲ್ಲ, ಬಿದ್ದಲ್ಲಿಂದಲೇ ಬಾಣ ಬಿಡ್ಬಹುದಾ?"

ಕೇಳಿದ್ದು ನನ್ನ ಅಕ್ಕನ ಮಗ. ಬಿದ್ದದ್ದು ಅವನಲ್ಲ, ಆಟದಲ್ಲಿ ಅವನು ನಡೆಸುವ ಬಿಲ್ಲುಗಾರ. ಜಾಗ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಟೀಪಾಯಿ. ಉತ್ತರ ಎಲ್ಲೋ ಓದಿದ ನೆನಪಿತ್ತು, ಬಾಯಿಗೆ ಬರಲಿಲ್ಲ. ಆಟದ ನಿಯಮಗಳ ಪುಸ್ತಕ ತೆಗೆದೆ. ಕಾಳಗದ ಅಧ್ಯಾಯ ತಿರುವಿ, ಅಲ್ಲಿ ಅರ್ಧ ಮಾತ್ರ ಸಿಕ್ಕಿ, ಉಳಿದರ್ಧಕ್ಕೆ ಕೊನೆಯ ಅನುಬಂಧಕ್ಕೆ ಬರುವಷ್ಟರಲ್ಲಿ ಒಬ್ಬ ಮೊಬೈಲ್ ತೆಗೆದಿದ್ದ, ಇನ್ನೊಬ್ಬಳು ಚಕ್ಕುಲಿ ಡಬ್ಬಿಗೆ ಕೈ ಹಾಕಿದ್ದಳು, ಮೂರನೆಯವರು ರೈಲು ನಿಲ್ಲಿಸಿ ಹಳಿ ರಿಪೇರಿ ಮಾಡುವ ಮೆಗಾಬ್ಲಾಕ್ ಇವತ್ತು ಎಷ್ಟು ಗಂಟೆಯವರೆಗೆ ಎಂದು ವಿಚಾರಿಸುತ್ತಿದ್ದರು. ಉತ್ತರ ಒಂದೇ ಸಾಲಿನದು: ಬಿಡಬಹುದು, ಆದರೆ ದಾಳ ಎರಡು ಸಲ ಹಾಕಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಅಷ್ಟು ಸಿಕ್ಕುವ ಹೊತ್ತಿಗೆ ಆಟದ ಕಾಡೂ ಇರಲಿಲ್ಲ, ಕುಳ್ಳ ರಾಕ್ಷಸರಾದ ಗಾಬ್ಲಿನ್‌ಗಳೂ ಇರಲಿಲ್ಲ. ಫ್ಯಾನಿನ ಕೆಳಗೆ ಬೆವರುತ್ತ ಕೂತ ಐದು ಜನ ಮಾತ್ರ ಇದ್ದೆವು.

ಇಂಥ ನಿಯಮಗಳನ್ನು ಚುಟುಕಾಗಿ ಬರೆದಿಟ್ಟ ಕಾರ್ಡು ಮಾಡಲು ನಾನು ಹೊರಟದ್ದು ಆ ಭಾನುವಾರದ ನಂತರ. ಕಾರ್ಡಿನ ವಿಷಯಕ್ಕೆ ಬರುವ ಮುಂಚೆ ಆಟ ಎಂಥದ್ದು ಎಂದು ಎರಡು ಮಾತು.

ಇದನ್ನು ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ವಿವರಿಸುವುದು ಸುಲಭ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಪಂಚೆ ಉಟ್ಟು ಕೂತಲ್ಲೇ ವಾಲಿಯಾಗುತ್ತಾನೆ. ವಾಲಿ ಸಾಯುವುದು ಖಂಡಿತ, ಆದರೆ ಸಾಯುವ ಮುಂಚೆ ರಾಮನನ್ನು ಏನೇನು ಕೇಳುತ್ತಾನೆ ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ನಮ್ಮ ಆಟದಲ್ಲಿ ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಕೂರುತ್ತಾರೆ, ನಮ್ಮ ಮನೆಯಲ್ಲಿ ಅದು ನಾನು. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಾಸ್ಟರ್ ಸನ್ನಿವೇಶ ಹೇಳುತ್ತಾರೆ, ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ. ಹಾಗಾಗಿ ಇಲ್ಲಿ ವಾಲಿ ಬದುಕಿಕೊಂಡರೂ ಬದುಕಿಕೊಂಡನೇ.

ಈ ಬಗೆಯ ಆಟಗಳಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲನೆಯದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅದನ್ನು ಹೊರತಂದರು. ಆಗ ಒಂದು ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಕ. ನಾವು ಆಡುವುದು 2014ರ ಐದನೆಯ ಆವೃತ್ತಿ. ಅದರಲ್ಲಿ ಆಟಗಾರರ ಪುಸ್ತಕವೊಂದೇ 320 ಪುಟ, ಮಾಸ್ಟರ್‌ಗೆ ಇನ್ನೊಂದು 320, ರಾಕ್ಷಸ ಪ್ರಾಣಿಗಳದ್ದು 352.

ಇಷ್ಟು ಪುಟಗಳ ಬುಡದಲ್ಲಿರುವ ಲೆಕ್ಕ ಮಾತ್ರ ಚಿಕ್ಕದು. ಇಪ್ಪತ್ತು ಮುಖದ ದಾಳ ಹಾಕಿ, ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ಮಾಸ್ಟರ್ ಹೇಳಿದ ಸಂಖ್ಯೆ ಮುಟ್ಟಿದರೆ ಗೆಲುವು. ಕೋಟೆ ಗೋಡೆ ಹತ್ತಲು 15 ಬೇಕು, ನಿಮ್ಮ ಅಂಕ 4 ಎಂದುಕೊಳ್ಳಿ. ದಾಳದಲ್ಲಿ 11 ಅಥವಾ ಮೇಲೆ ಬೀಳಬೇಕು, ಅಂದರೆ ಅರ್ಧಕ್ಕರ್ಧ. ಪರಿಸ್ಥಿತಿ ನಿಮ್ಮ ಕಡೆಗಿದ್ದರೆ ಎರಡು ದಾಳ ಹಾಕಿ ದೊಡ್ಡದನ್ನು ಹಿಡಿಯುತ್ತೀರಿ, ಅದೇ ಗೋಡೆ ನೂರರಲ್ಲಿ 75 ಸಲ ಹತ್ತುತ್ತೀರಿ. ಪರಿಸ್ಥಿತಿ ಎದುರಾದರೆ ಚಿಕ್ಕದು, 25 ಸಲ. ಕತ್ತಲೆ, ಕೆಸರು, ಹೆದರಿಕೆ, ಮಂತ್ರ ಎಲ್ಲವೂ ಕೊನೆಗೆ ಹೆಚ್ಚುಕಮ್ಮಿ ಈ 'ದೊಡ್ಡದಾ ಚಿಕ್ಕದಾ' ಎಂಬಲ್ಲಿಗೇ ಬಂದು ನಿಲ್ಲುತ್ತವೆ. ನೆನಪು ಕೈಕೊಡುವುದು ಯಾವ ಹೊತ್ತಿಗೆ ಯಾವುದು ಎನ್ನುವಲ್ಲಿ.

ಮಾಸ್ಟರ್‌ಗೆ ಒಂದೇ ಸಲಕ್ಕೆ ತಲೆಯಲ್ಲಿ ಇರಬೇಕಾದದ್ದನ್ನು ಎಣಿಸಿ ನೋಡಿ. ಈಗ ಯಾರ ಸರದಿ, ನಾಲ್ಕು ಗಾಬ್ಲಿನ್‌ಗಳಲ್ಲಿ ಯಾವುದಕ್ಕೆ ಎಷ್ಟು ಪೆಟ್ಟಾಗಿದೆ, ಬಾಗಿಲು ತೆಗೆದಿದೆಯೋ ಮುಚ್ಚಿದೆಯೋ, ಯಾರ ಮಂತ್ರ ಇನ್ನೂ ನಡೆಯುತ್ತಿದೆ, ಆ ಮುದುಕ ಹೋದ ವಾರ ಯಾವ ದನಿಯಲ್ಲಿ ಮಾತಾಡಿದ್ದ. ಮನುಷ್ಯ ತಕ್ಷಣದ ನೆನಪಿನಲ್ಲಿ ಹಿಡಿದಿಡುವುದು ಏಳರ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ನನ್ನದು ಭಾನುವಾರ ಊಟವಾದ ಮೇಲೆ ಎರಡು.

ನಿಯಮ ಪುಸ್ತಕ ಬೇರೆ, ಕೆಲಸದ ಹೊತ್ತಿಗೆ ಕೈಯಲ್ಲಿರುವ ಚೀಟಿ ಬೇರೆ. ರೈಲು ಓಡಿಸುವವರು ನಿಯಮವನ್ನೆಲ್ಲ ಕಲಿತು ಪರೀಕ್ಷೆ ಕೊಟ್ಟೇ ಬಂದವರು. ಆದರೂ ಹೊರಡುವ ಮುಂಚೆ ಕಾಷನ್ ಆರ್ಡರ್ ಕೊಡುತ್ತಾರೆ: ಮುಂದಿನ ದಾರಿಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ವೇಗ ತಗ್ಗಿಸಬೇಕು, ಎಷ್ಟಕ್ಕೆ. ವೇಗ ಯಾಕೆ ತಗ್ಗಿಸಬೇಕು ಎಂಬ ಪಾಠ ಅದರಲ್ಲಿಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ಕಲಾವಿದರು ಮುಂಬಯಿಗೆ ಬಂದಾಗ ಅವರು ಬಣ್ಣ ಹಚ್ಚುವ ಚೌಕಿಗೆ ಇಣುಕಿದವರಿಗೆ ಇನ್ನೊಂದು ಉದಾಹರಣೆ ಗೊತ್ತಿರುತ್ತದೆ. ಹೊಸ ಪ್ರಸಂಗವಾದರೆ ಹಿರಿಯರೊಬ್ಬರು 'ನಡೆ' ಹೇಳುತ್ತಾರೆ: ಯಾರ ಪ್ರವೇಶ, ಯಾವ ಪದ್ಯ, ಯಾರು ಮೊದಲು ನಿರ್ಗಮನ. ಪ್ರಸಂಗದ ಕಥೆಯನ್ನು ಆಗ ಕೂತು ಹೇಳುವುದಿಲ್ಲ. ಒಳ್ಳೆಯ ಕಾರ್ಡು ಈ ಜಾತಿಗೆ ಸೇರಿದ್ದು.

ನನಗೆ ಇದು ಮೊದಲೇ ಹೊಳೆಯಲಿಲ್ಲ. ಮೊದಲ ಸಲ ನಾನು ಮಾಡಿದ್ದು ಪುಸ್ತಕವನ್ನೇ ಕತ್ತರಿಸುವ ಕೆಲಸ. ಇಸ್ಪೀಟು ಎಲೆಯ ಅಳತೆಯಲ್ಲಿ, ಅಂದರೆ 63 ಮಿಲಿಮೀಟರ್ ಅಗಲ 88 ಎತ್ತರ, ಒಂದು ಎ4 ಹಾಳೆಗೆ ಒಂಬತ್ತು ಕೂರುತ್ತವೆ. ಆರು ಹಾಳೆ, 54 ಕಾರ್ಡು. ಹೊರೆ ಹೊರುವ ಲೆಕ್ಕ, ಕಾಲ್ನಡಿಗೆಯಲ್ಲಿ ದಿನಕ್ಕೆ ಎಷ್ಟು ಮೈಲಿ, ಕುದುರೆ ಮೇಲಿನ ಕಾಳಗ, ಒಂದೂ ಬಿಡಲಿಲ್ಲ. ನೋಡಲು ಬಹಳ ಚಂದ ಇತ್ತು. ಟೇಬಲ್ಲಿನಲ್ಲಿ ಪ್ರಶ್ನೆ ಬಂದಾಗ 54 ಎಲೆಗಳ ಕಟ್ಟನ್ನು ಹರಡಿಕೊಂಡು ಹುಡುಕುತ್ತ ಕೂತೆ. ಪುಸ್ತಕಕ್ಕೆ ಕೊನೆಪಕ್ಷ ಪುಟಸಂಖ್ಯೆ ಇತ್ತು. "ಚಿಕ್ಕಮ್ಮ ರಮ್ಮಿ ಆಡ್ತಿದ್ದಾರೆ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

ಆಮೇಲೆ ಹಿಡಿದ ದಾರಿ ಬೇರೆ. ಒಂದು ಸಣ್ಣ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡೆ. ಆಟ ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಿ ಕೇಳಿದ ಪ್ರಶ್ನೆಯನ್ನು ಕೇಳಿದ ಮಾತಿನಲ್ಲೇ ಬರೆದುಕೊಂಡೆ. ಅದೇ ಪ್ರಶ್ನೆ ಮತ್ತೆ ಬಂದರೆ ಮುಂದೆ ಒಂದು ಗೆರೆ. ಮೂರು ಗೆರೆ ಬಿದ್ದದ್ದಕ್ಕೆ ಮಾತ್ರ ಕಾರ್ಡು. ಎರಡು ತಿಂಗಳಲ್ಲಿ ಹೊರೆಯ ಲೆಕ್ಕಕ್ಕೆ ಒಂದು ಗೆರೆಯೂ ಬೀಳಲಿಲ್ಲ. ಕುದುರೆಯನ್ನು ಯಾರೂ ಹತ್ತಲೇ ಇಲ್ಲ. ಬಿದ್ದರೆ ಏನು, ಕಂಬದ ಹಿಂದೆ ನಿಂತರೆ ಏನು, ಮಂತ್ರ ನಡೆಯುತ್ತಿರುವಾಗ ಪೆಟ್ಟು ಬಿದ್ದರೆ ಏನು, ಪ್ರಾಣದ ಅಂಕ ಸೊನ್ನೆಯಾದರೆ ಏನು — ಇವಕ್ಕೆ ಗೆರೆಗಳ ಸಾಲೇ ಬಿತ್ತು. 54ರಲ್ಲಿ ಉಳಿದದ್ದು 11. ಅಳತೆಯನ್ನೂ ಎ6ಕ್ಕೆ ಏರಿಸಿದೆ, ಒಂದು ಎ4ನಲ್ಲಿ ನಾಲ್ಕು. ಇಸ್ಪೀಟಿನ ಅಳತೆಯಲ್ಲಿ ಕನ್ನಡ ಓದಲು ಕನ್ನಡಕ ಸಾಲದು, ಭೂತಗನ್ನಡಿ ಬೇಕು.

ಕೇಳಿದ ಮಾತಿನಲ್ಲೇ ಬರೆಯಬೇಕು ಅಂದದ್ದಕ್ಕೆ ಕಾರಣವಿದೆ. ಬಿದ್ದವನ ಕಾರ್ಡನ್ನೇ ನೋಡಿ. ಮೊದಲನೆಯದರಲ್ಲಿ ಪುಸ್ತಕದ ಕ್ರಮ ಹಿಡಿದಿದ್ದೆ: ಬಿದ್ದಿರುವ ಜೀವಿಯು ತೆವಳುವುದರ ಮೂಲಕ ಮಾತ್ರ ಚಲಿಸತಕ್ಕದ್ದು, ಎದ್ದು ನಿಂತಲ್ಲಿ ಸದರಿ ಸ್ಥಿತಿ ಕೊನೆಗೊಳ್ಳತಕ್ಕದ್ದು. ಹೌಸಿಂಗ್ ಸೊಸೈಟಿಯ ನೋಟಿಸಿನ ಹಾಗೆ. ಬಿದ್ದವರು ನಿಜವಾಗಿ ಮೊದಲು ಕೇಳುವುದು "ಏಳಬಹುದಾ?" ಎಂದು. ಎರಡನೆಯದು "ಎದ್ದು ಹೊಡೆಯಬಹುದಾ?" ಆಮೇಲೆ "ಏಳದಿದ್ದರೆ?" ಈಗಿನ ಕಾರ್ಡು ಹೀಗಿದೆ ('ನಡಿಗೆ' ಅಂದರೆ ಒಂದು ಸರದಿಯಲ್ಲಿ ನಡೆಯಬಹುದಾದ ದೂರ):

ಬಿದ್ದಿದ್ದೀರಿ
ಏಳಲು ಅರ್ಧ ನಡಿಗೆ ಖರ್ಚು (30 ಅಡಿಯವರಿಗೆ 15). ಎದ್ದ ಮೇಲೆ ಹೊಡೆಯಬಹುದು.
ಏಳದೆ ತೆವಳಿದರೆ: 1 ಅಡಿಗೆ 2 ಅಡಿಯ ಖರ್ಚು.
ಏಳದೆ ಹೊಡೆದರೆ: ಎರಡು ದಾಳ, ಚಿಕ್ಕದು.
5 ಅಡಿ ಒಳಗಿನವರು ನಿಮಗೆ ಹೊಡೆದರೆ: ಎರಡು ದಾಳ, ದೊಡ್ಡದು.
ದೂರದಿಂದ ಹೊಡೆದರೆ: ಎರಡು ದಾಳ, ಚಿಕ್ಕದು.

ಈ ಕಾರ್ಡು ನನ್ನ ಹತ್ತಿರ ಇರುವುದಿಲ್ಲ ಎನ್ನುವುದೇ ಇದರ ಮುಖ್ಯ ಉಪಯೋಗ. ಗಾಬ್ಲಿನ್ ಒಬ್ಬನ ಪಾತ್ರದ ಕಾಲಿಗೆ ಹಗ್ಗ ಹಾಕಿ ಬೀಳಿಸಿತು ಅಂದೆನೋ, ಕಾರ್ಡನ್ನು ಆ ಆಟಗಾರನ ಮುಂದಕ್ಕೆ ಜಾರಿಸುತ್ತೇನೆ. ಇನ್ನು ಅದರ ಜವಾಬ್ದಾರಿ ಅವನದು. ಎದ್ದಾಗ ವಾಪಸ್ ಕೊಡುತ್ತಾನೆ. ಬಿದ್ದಿದ್ದಾನೆ ಎಂಬುದನ್ನು ನಾನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಟೀಪಾಯಿಯೇ ನೆನಪಿಟ್ಟುಕೊಂಡಿದೆ. ಈ ಆವೃತ್ತಿಯಲ್ಲಿ ಕುರುಡಾಗುವುದು, ವಿಷವೇರುವುದು, ಕಲ್ಲಾಗುವುದು ಎಂದೆಲ್ಲ ಒಟ್ಟು 15 ಇಂಥ ಸ್ಥಿತಿಗಳಿವೆ. ಮೊದಲು ಎಲ್ಲವನ್ನೂ ನನ್ನ ತಲೆಯೇ ಹೊರುತ್ತಿತ್ತು. ನಾನು ಎಣಿಸದೆ ಇದ್ದ ಇನ್ನೊಂದು ಲಾಭವೂ ಆಯಿತು. ಕಾರ್ಡು ಎಲ್ಲರ ಕಣ್ಣಿಗೆ ಬೀಳುತ್ತದಲ್ಲ, ಗಾಬ್ಲಿನ್ ಬಿದ್ದಾಗ ನಮ್ಮ ಮಹಡಿಯ ಹುಡುಗಿ ಅದನ್ನು ತಲೆಕೆಳಗಾಗಿಯೇ ಓದಿ, ಬಾಣ ಕೆಳಗಿಟ್ಟು ಕತ್ತಿ ಹಿರಿದು ಹತ್ತಿರ ಓಡಿದಳು. ಐದು ಅಡಿಯ ಸಾಲು ಅವಳಿಗೆ ನಾನು ಹೇಳಿಕೊಟ್ಟದ್ದಲ್ಲ.

ಮಂತ್ರದ ಕಾರ್ಡಿನಲ್ಲಿ ಕಲಿತದ್ದು ಇನ್ನೊಂದು: ಲೆಕ್ಕವನ್ನು ಮನೆಯಲ್ಲೇ ಮಾಡಿಟ್ಟು ಬರಬೇಕು. ಕೆಲವು ಮಂತ್ರಗಳು ಹಾಕಿದವರ ಏಕಾಗ್ರತೆ ಇರುವಷ್ಟು ಹೊತ್ತು ಮಾತ್ರ ನಡೆಯುತ್ತವೆ. ನಡುವೆ ಪೆಟ್ಟು ಬಿದ್ದರೆ ದಾಳ ಹಾಕಿ ಉಳಿಸಿಕೊಳ್ಳಬೇಕು. ಮುಟ್ಟಬೇಕಾದ ಸಂಖ್ಯೆ 10 ಅಥವಾ ಪೆಟ್ಟಿನ ಅರ್ಧ, ಎರಡರಲ್ಲಿ ದೊಡ್ಡದು. ಓದಲು ಸುಲಭ, ಆದರೆ ಮೂರು ಜನ ಒಟ್ಟಿಗೆ ಕೂಗುತ್ತಿರುವಾಗ 17ರ ಅರ್ಧ ಎಷ್ಟು, ಮೇಲಕ್ಕೆ ಹಿಡಿಯುವುದೋ ಕೆಳಕ್ಕೋ ಎಂದು ತಡವರಿಸುತ್ತೇವೆ. ಕೂತು ನೋಡಿದರೆ, ಅರ್ಧವನ್ನು ಕೆಳಕ್ಕೇ ಹಿಡಿಯುವುದರಿಂದ 21ರವರೆಗಿನ ಯಾವ ಪೆಟ್ಟಿಗೂ ಉತ್ತರ 10. ಹಾಗಾಗಿ ಕಾರ್ಡಿನ ಮೇಲೆ "ಪೆಟ್ಟು 21ರ ತನಕ: 10 ಸಾಕು. ಅದರ ಮೇಲೆ: ಪೆಟ್ಟಿನ ಅರ್ಧ" ಎಂದು ಮಾತ್ರ ಇದೆ. ಅರ್ಧ ಮಾಡುವ ಪ್ರಸಂಗ ನಮ್ಮಲ್ಲಿ ಇಲ್ಲಿಯವರೆಗೆ ಬಂದದ್ದು ಒಂದೇ ಸಲ, 26ರ ಪೆಟ್ಟಿಗೆ.

ಪ್ರಾಣಿಗಳ ಕಾರ್ಡಿನಲ್ಲಿ ಮುಕ್ಕಾಲು ಪಾಲು ಬಿಟ್ಟುಬಿಡಬಹುದು. ಗಾಬ್ಲಿನ್‌ನ ಬುದ್ಧಿ ಎಷ್ಟು ಅಂಕ ಎಂದು ಇದುವರೆಗೆ ಯಾರೂ ಕೇಳಿಲ್ಲ. ಬೇಕಾದದ್ದು: ಅದಕ್ಕೆ ತಾಗಬೇಕಾದರೆ 15, ಪ್ರಾಣ 7, ಅದು ಹೊಡೆದರೆ ದಾಳಕ್ಕೆ 4 ಕೂಡಿಸು, ತಾಗಿದರೆ ಆರು ಮುಖದ ದಾಳಕ್ಕೆ 2 ಕೂಡಿಸು. ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಕೆಳಗಿನ ಒಂದು ಸಾಲು: "ಹೊಡೆದು ನಿಲ್ಲುವುದಿಲ್ಲ, ಓಡಿ ಅಡಗುತ್ತದೆ." ಹೊಡೆದ ಸರದಿಯಲ್ಲೇ ಅಡಗಲು ಅದಕ್ಕೆ ನಿಯಮದಲ್ಲೇ ಅವಕಾಶವಿದೆ. ಆ ಸಾಲನ್ನು ಮರೆತು ಎಷ್ಟೋ ವಾರ ನನ್ನ ಗಾಬ್ಲಿನ್‌ಗಳು ಬಸ್‌ಸ್ಟಾಪಿನಲ್ಲಿ ನಿಂತವರ ಹಾಗೆ ನಿಂತಲ್ಲೇ ನಿಂತು ಸತ್ತಿವೆ. ಅಂಚಿನಲ್ಲಿ ನಾಲ್ಕು ಚೌಕ ಹಾಕಿರುತ್ತೇನೆ, ನಾಲ್ಕು ಗಾಬ್ಲಿನ್‌ಗಳ ಪ್ರಾಣ ಪೆನ್ಸಿಲಿನಲ್ಲಿ ಬರೆಯಲು.

ಮನುಷ್ಯ ಪಾತ್ರಗಳ ಕಾರ್ಡಿಗೆ ಸಂಖ್ಯೆಯೇ ಬೇಡ. ಹೆಸರು, ಅವನಿಗೆ ಏನು ಬೇಕು, ಹೇಗೆ ಮಾತಾಡುತ್ತಾನೆ. ಸುಂಕದ ಕಟ್ಟೆಯವನ ಕಾರ್ಡಿನಲ್ಲಿ "ಏನು ಕೇಳಿದರೂ 'ನೋಡುವ' ಅನ್ನುತ್ತಾನೆ" ಎಂದಷ್ಟೇ ಬರೆದಿದ್ದೆ. ನಮ್ಮ ಕಡೆಯ ಮಾವಂದಿರೆಲ್ಲ ಒಟ್ಟಿಗೆ ನೆನಪಾಗಿ ಟೇಬಲ್ಲೇ ನಕ್ಕಿತು. ಮೂರು ವಾರ ಬಿಟ್ಟು ಅದೇ ಸುಂಕದ ಕಟ್ಟೆಗೆ ಬಂದಾಗ ಆ ಒಂದು ಪದ ಸಾಕಾಯಿತು.

ಸರದಿಗೂ ಕಾರ್ಡೇ. ಕಾಳಗ ಶುರುವಾಗುವಾಗ ಯಾರ ನಂತರ ಯಾರು ಎಂದು ದಾಳ ಹಾಕಿ ಗೊತ್ತು ಮಾಡುತ್ತಾರೆ, ಮುಗಿಯುವವರೆಗೆ ಅದು ಬದಲಾಗುವುದಿಲ್ಲ. ಹೆಸರಿನ ಕಾರ್ಡುಗಳನ್ನು ಆ ಕ್ರಮದಲ್ಲಿ ಪೇರಿಸಿಟ್ಟು, ಆಡಿದವರದನ್ನು ತೆಗೆದು ಅಡಿಗೆ ಹಾಕುತ್ತ ಹೋದರೆ ಆಯಿತು.

ಇಷ್ಟೆಲ್ಲ ಯಾಕೆ, ಮಾಸ್ಟರ್ ಮುಂದೆ ನಿಲ್ಲಿಸುವ ರಟ್ಟಿನ ಪರದೆ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ಈ ಆಟದ ಮೊದಲ ಪ್ರಕಾಶಕರಾದ ಟಿಎಸ್‌ಆರ್ 1979ರಲ್ಲೇ ತಮ್ಮದನ್ನು ತಂದಿದ್ದರು. ಒಳಬದಿಯಲ್ಲಿ ಕೋಷ್ಟಕಗಳು, ಹೊರಬದಿಯಲ್ಲಿ ಚಿತ್ರ. ನಮ್ಮ ಟೀಪಾಯಿಯ ಮೇಲೆ ಅದನ್ನು ನಿಲ್ಲಿಸಿದರೆ ಚಹಾ ಕಪ್ಪಿಗೆ ಜಾಗವಿಲ್ಲ. ಜಾಗ ಇದ್ದರೂ ನನಗೆ ಅದು ಇಷ್ಟವಿಲ್ಲ. ಪರದೆಯ ನಿಯಮಗಳು ನನ್ನ ಕಡೆಗೇ ಉಳಿಯುತ್ತವೆ, ಯಾರಿಗೂ ಜಾರಿಸಿ ಕೊಡಲು ಬರುವುದಿಲ್ಲ.

ಇನ್ನು ಅಚ್ಚಿನ ಕಥೆ. ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದಾಗ ಅಲ್ಲಿನವರು ಕನ್ನಡ ಅಕ್ಷರ ನೋಡಿ "ಮೇಡಂ, ಶಾದಿ ಕಾ ಕಾರ್ಡ್ ಹೈ ಕ್ಯಾ?" ಎಂದರು. 'ಬಿದ್ದಿದ್ದೀರಿ' ಎನ್ನುವುದರ ಅರ್ಥ ಹೇಳಿದ ಮೇಲೆ ಹತ್ತಿರ ಹತ್ತಿರ ಅದೇ ಅಂದರು. ಮೊದಲ ಸಲ ವರ್ಡ್ ಫೈಲ್ ಒಯ್ದಿದ್ದೆ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ಸಾಲುಗಳೆಲ್ಲ ಹಿಗ್ಗಿ ಕಾರ್ಡಿನ ಕೊನೆಯ ಎರಡು ಸಾಲು ಮುಂದಿನ ಪುಟಕ್ಕೆ ಹೋಗಿತ್ತು. ಪಿಡಿಎಫ್ ಮಾಡಿ ಒಯ್ಯಬೇಕು, ಫಾಂಟ್ ಅದರೊಳಗೇ ಕೂತಿರುತ್ತದೆ. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ತೆಗೆಸಿ ನೂರಕ್ಕೆ ನೂರು ಅಳತೆ ಹಾಕಿಸಬೇಕು, ಇಲ್ಲದಿದ್ದರೆ ಕಾರ್ಡು ಕುಗ್ಗಿ ಲ್ಯಾಮಿನೇಷನ್ನಿನ ಪ್ಲಾಸ್ಟಿಕ್ ಪೌಚಿನಲ್ಲಿ ಅಲ್ಲಾಡುತ್ತದೆ. ಎರಡೂ ಬದಿ ಅಚ್ಚು ಬೇಕಾದರೆ ಮೊದಲು ಒಂದು ಹಾಳೆ ಮಾತ್ರ ತೆಗೆಸಿ ಬೆಳಕಿಗೆ ಹಿಡಿದು ನೋಡಿ. ಹಾಳೆ ಉದ್ದದ ಅಂಚಿಗೆ ತಿರುಗುತ್ತದೋ ಗಿಡ್ಡದಕ್ಕೋ ಎಂಬುದರ ಮೇಲೆ ಗಾಬ್ಲಿನ್‌ನ ಬೆನ್ನಿಗೆ ಸುಂಕದವನು ಬಂದು ಕೂರುವುದುಂಟು.

ಕನ್ನಡಕ್ಕೆ ಇಂಗ್ಲಿಷಿಗಿಂತ ಸಾಲಿನ ನಡುವೆ ಜಾಗ ಹೆಚ್ಚು ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನಾನು ಬಳಸುವುದು ಮುಂಬಯಿಯದೇ ಆದ ಏಕ್ ಟೈಪ್ ತಂಡದ ಅನೇಕ್ ಕನ್ನಡ. ಉಚಿತ, ಮತ್ತು ಅದರಲ್ಲಿ ಅಕ್ಷರದ ದಪ್ಪವನ್ನು ಮಾತ್ರವಲ್ಲ ಅಗಲವನ್ನೂ ಬೇಕಾದಷ್ಟು ಕಿರಿದು ಮಾಡಬಹುದು. 'ಎಚ್ಚರತಪ್ಪಿದ್ದೀರಿ' ಎಂಬಂಥ ತಲೆಬರಹವನ್ನು ಒಂದೇ ಸಾಲಿಗೆ ಕೂರಿಸಲು ಅದರಿಂದ ಆಯಿತು. ಅಂಕಿಗಳನ್ನು ಮಾತ್ರ ಅಕ್ಷರಕ್ಕಿಂತ ದೊಡ್ಡದಾಗಿ, ದಪ್ಪವಾಗಿ ಹಾಕುತ್ತೇನೆ, ಟೇಬಲ್ಲಿನ ಆಚೆಯಿಂದ ಕಣ್ಣು ಹುಡುಕುವುದು ಅಂಕಿಯನ್ನೇ.

ಮಳೆಗಾಲದಲ್ಲಿ ಲ್ಯಾಮಿನೇಷನ್ ಮಾಡಿಸದ ಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಂಕ್‌ಜೆಟ್ಟಿನದಾದರೆ ಒದ್ದೆ ಬೆರಳಿಗೆ ಬಣ್ಣವೂ ಬರುತ್ತದೆ, ಲೇಸರ್ ಪ್ರಿಂಟೇ ಒಳ್ಳೆಯದು. ಹಾಳೆಯನ್ನು ಇಡಿಯಾಗಿ ಲ್ಯಾಮಿನೇಟ್ ಮಾಡಿಸಿ ಆಮೇಲೆ ಕತ್ತರಿಸಿದ್ದು ನನ್ನ ದಡ್ಡತನ. ಕತ್ತರಿಸಿದ ಅಂಚು ತೆರೆದುಕೊಂಡು ಜೂನ್‌ನಲ್ಲಿ ಒಳಗೆ ತೇವ ಹೋಯಿತು, ಪ್ಲಾಸ್ಟಿಕ್ ಸುಲಿದು ಬಂತು. ಕಾರ್ಡನ್ನು ಮೊದಲು ಕತ್ತರಿಸಿ, ಪೌಚಿನೊಳಗೆ ಬಿಡಿಬಿಡಿಯಾಗಿ ಇಟ್ಟು ಬಿಸಿ ಮಾಡಿಸಿ, ಸುತ್ತ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಬಿಟ್ಟು ಮತ್ತೆ ಕತ್ತರಿಸಬೇಕು. ಪೌಚು, ರಟ್ಟು ಎಲ್ಲ ಕ್ರಾಫರ್ಡ್ ಮಾರ್ಕೆಟ್ ಬಳಿಯ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಸಿಕ್ಕುತ್ತದೆ. ಮೂಲೆ ಚುಚ್ಚುತ್ತದೆ, ನೇಲ್ ಕಟರಿನಿಂದ ಒಂದು ಚಿಟಿಕೆ ತೆಗೆದರೆ ಸಾಕು. ಗಾಬ್ಲಿನ್ ಕಾರ್ಡಿಗೆ ಮಾತ್ರ ಲ್ಯಾಮಿನೇಷನ್ ಬೇಡ, ಪೆನ್ಸಿಲ್ ಹಿಡಿಯುವುದಿಲ್ಲ.

ಪುಸ್ತಕದ ನಿಯಮವನ್ನು ಹೀಗೆ ಕನ್ನಡಕ್ಕೆ ತಂದು ಹಂಚಬಹುದೇ ಎಂದು ಪಕ್ಕದ ಮನೆಯವರು ಕೇಳಿದ್ದರು. ಈಗಿನ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ 2023ರ ಜನವರಿಯಲ್ಲಿ ಎಸ್‌ಆರ್‌ಡಿ 5.1 ಎಂಬ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಮೂಲದ ಹೆಸರು ಹಾಕಿದರೆ ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು. ನಾನು ಮೇಲೆ ಹೇಳಿದ ಸ್ಥಿತಿಗಳು, ಗಾಬ್ಲಿನ್, ಏಕಾಗ್ರತೆ ಎಲ್ಲ ಅದರಲ್ಲಿವೆ. ಪುಸ್ತಕದ ಚಿತ್ರಗಳು, ಆ ದಾಖಲೆಯಲ್ಲಿಲ್ಲದ ಭಾಗಗಳು ಈ ಅನುಮತಿಗೆ ಸೇರಿಲ್ಲ. ನಮ್ಮ ಕಾರ್ಡಿನ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಮೂಲದ ಹೆಸರಿನ ಸಾಲು ಇದೆ.

ಭಾಷೆಯ ಬಗ್ಗೆ ಒಂದು ತಕರಾರು ನಮ್ಮ ಮನೆಯಲ್ಲೇ ಇತ್ತು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗರು ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಕಾರ್ಡು ಇಂಗ್ಲಿಷಿನಲ್ಲಿರಲಿ ಎಂದರು. ನಾನು ಒಪ್ಪಲಿಲ್ಲ, ಮೂರನೆಯ ವಾರದ ಹೊತ್ತಿಗೆ 'ಎರಡು ದಾಳ, ಚಿಕ್ಕದು' ಎನ್ನುವುದನ್ನು ಅವರು ಓದುತ್ತಿರಲಿಲ್ಲ, ಗುರುತಿಸುತ್ತಿದ್ದರು. ಐದೇ ಸಾಲಿನ ಓದು ಯಾರನ್ನೂ ಹೆದರಿಸುವುದಿಲ್ಲ.

ಜುಲೈಯಲ್ಲಿ ಹಳಿ ಮೇಲೆ ನೀರು ನಿಂತು ಒಬ್ಬ ಥಾಣೆ ನಗರದಲ್ಲೇ ಸಿಕ್ಕಿಹಾಕಿಕೊಂಡ ದಿನ ಅವನ ಪಾತ್ರದ ಕಾರ್ಡನ್ನು ಅಕ್ಕನ ಮಗನೇ ನಡೆಸಿದ. ಕಾರ್ಡಿನಲ್ಲಿದ್ದದ್ದಕ್ಕಿಂತ ಧೈರ್ಯವಾಗಿಯೇ ನಡೆಸಿದ, ಮುಳುಗಿದ ಹಡಗೊಂದರೊಳಗೆ ಇಡೀ ತಂಡವನ್ನು ಇಳಿಸಿಬಿಟ್ಟ. ಈಗ ಮೂರು ವಾರದಿಂದ ನಾವು ಸಮುದ್ರದ ಅಡಿಯಲ್ಲೇ ಇದ್ದೇವೆ. ನೋಟ್‌ಬುಕ್ಕಿನಲ್ಲಿ ಹೊಸ ಸಾಲೊಂದು ಬಂದಿದೆ, ಅವನದೇ ಮಾತು: "ಚಿಕ್ಕಮ್ಮ, ನೀರಿನೊಳಗಿಂದ ಬಾಣ ಬಿಡ್ಬಹುದಾ?" ಮುಂದೆ ಮೂರು ಗೆರೆ.